ಓದುಗರ ಪ್ರಶ್ನೆಗಳು: ಒಂದೇ ಥರ ಕಾಣುವ ರೇಡಿಯೊಲೇರಿಯನ್‌ಗಳನ್ನು ಬೇರೆ ಮಾಡುವುದು ಹೇಗೆ?

ಸಮುದ್ರದಲ್ಲಿ ತೇಲುವ ಒಂದೇ ಕೋಶದ ಜೀವಿಗಳಾದ ರೇಡಿಯೊಲೇರಿಯನ್‌ಗಳ ಅಸ್ಥಿಪಂಜರ ನೋಡಿ ಆಳಸಮುದ್ರದ ಕೆಸರಿನ ವಯಸ್ಸು ಹೇಳಬಹುದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಆಮೇಲೆ ಬಂದ ಕಾಗದಗಳಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಮಾತು: ಚಿತ್ರದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವಲ್ಲ, ನೀವು ಯಾವುದು ಯಾವುದು ಅಂತ ಹೇಗೆ ಹೇಳುತ್ತೀರಿ? ನ್ಯಾಯವಾದ ಪ್ರಶ್ನೆ. ಹಾಗಾಗಿ ಈ ಸಲ ಬೇರೆ ವಿಷಯಗಳನ್ನೆಲ್ಲ ಬದಿಗಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ರೇಡಿಯೊಲೇರಿಯನ್, ಡಯಾಟಮ್, ಫೊರಾಮಿನಿಫೆರಾ ಎಲ್ಲವೂ ಸೂಕ್ಷ್ಮ ಪಳೆಯುಳಿಕೆಗಳೇ ಅಲ್ವಾ? ಪ್ರಭೇದದ ಮಾತು ಆಮೇಲೆ, ಮೊದಲು ಇವುಗಳನ್ನೇ ಬೇರೆ ಮಾಡುವುದು ಹೇಗೆ? (ಪಿಯು ವಿದ್ಯಾರ್ಥಿ, ಹಾಸನ)

ಉತ್ತರ: ಮೊದಲು ಒಂದು ಹನಿ ದುರ್ಬಲ ಆಮ್ಲ ಹಾಕಿ. ಫೊರಾಮಿನಿಫೆರಾ ಕೂಡ ಒಂದೇ ಕೋಶದ ಜೀವಿಗಳೇ, ಆದರೆ ಅವುಗಳ ಚಿಪ್ಪು ಬಹುಪಾಲು ಸುಣ್ಣದ್ದು, ಬುರುಬುರು ಎಂದು ಗುಳ್ಳೆ ಬಿಟ್ಟು ಕರಗಿಹೋಗುತ್ತದೆ. ರೇಡಿಯೊಲೇರಿಯನ್‌ಗಳದ್ದು ಸಿಲಿಕಾ, ನೀರಿನ ಅಂಶ ಸೇರಿದ ಓಪಲ್. ಅಂಥ ದುರ್ಬಲ ಆಮ್ಲಕ್ಕೆ ಜಗ್ಗುವುದಿಲ್ಲ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಚಿಪ್ಪು ಕೂಡ ಸಿಲಿಕಾನೇ, ಆದರೆ ಅದು ಎರಡು ಹೋಳಿನ ಡಬ್ಬಿ, ಒಂದು ಹೋಳು ಇನ್ನೊಂದರ ಮೇಲೆ ಮುಚ್ಚಳದಂತೆ ಕೂರುತ್ತದೆ. ಮೈಮೇಲಿನ ತೂತುಗಳೂ ತುಂಬಾ ಸಣ್ಣವು. ಸ್ಪಂಜುಗಳ ಮುಳ್ಳು ಸಿಕ್ಕರೆ ನಡುವೆ ಉದ್ದಕ್ಕೂ ಒಂದು ಸಣ್ಣ ಕೊಳವೆ ಕಾಣುತ್ತದೆ, ಅದರಿಂದ ಗೊತ್ತಾಗುತ್ತದೆ. ಅಕಾಂಥೇರಿಯಾ ಎಂಬ ಇನ್ನೊಂದು ಗುಂಪಿದೆ, ಜೀವಂತವಾಗಿದ್ದಾಗ ಬಹಳ ಚೆಂದ, ಇಪ್ಪತ್ತು ಮುಳ್ಳು ಲೆಕ್ಕ ಹಾಕಿ ಜೋಡಿಸಿದಂತಿರುತ್ತದೆ. ಅದರ ಅಸ್ಥಿಪಂಜರ ಸ್ಟ್ರಾಂಷಿಯಂ ಸಲ್ಫೇಟಿನದು. ಜೀವಿ ಸತ್ತ ಮೇಲೆ ಸಮುದ್ರದ ನೀರಿನಲ್ಲಿ ಕರಗುತ್ತದೆ, ಪಳೆಯುಳಿಕೆಯಾಗಿ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ.

ಉಳಿದದ್ದು ನಮ್ಮ ರೇಡಿಯೊಲೇರಿಯನ್. ಹೆಚ್ಚಿನವು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನವು. 50 ಕೋಟಿ ವರ್ಷಕ್ಕೂ ಹಿಂದಿನಿಂದ ಸಮುದ್ರದಲ್ಲಿವೆ, ಈಗಲೂ ಇವೆ. ಪಳೆಯುಳಿಕೆ ನೋಡುವವರಿಗೆ ಎರಡು ದೊಡ್ಡ ಗುಂಪು ಮುಖ್ಯ. ಸ್ಪುಮೆಲೇರಿಯಾ ಎಂದರೆ ಚೆಂಡು, ಬಿಲ್ಲೆ, ಮೊಟ್ಟೆ ಥರದವು, ನಡುವಿನಿಂದ ಸುತ್ತಲೂ ಬೆಳೆದವು. ನಾಸೆಲೇರಿಯಾ ಬೋರಲು ಹಾಕಿದ ಬುಟ್ಟಿಯಂಥವು. ಮೇಲೆ ಪುಟ್ಟ ತಲೆ, ಕೆಳಗೆ ಎದೆ, ಅದರ ಕೆಳಗೆ ಹೊಟ್ಟೆ, ಕೆಲವಕ್ಕೆ ಇನ್ನೂ ಕೆಳಗೆ ಒಂದರ ಕೆಳಗೊಂದು ಖಂಡಗಳು. ತಲೆ, ಎದೆ, ಹೊಟ್ಟೆ ಅನ್ನುವುದು ಸುಮ್ನೆ ಅನುಕೂಲಕ್ಕೆ ಇಟ್ಟ ಹೆಸರು, ಒಂದೇ ಕೋಶದ ಜೀವಿಗೆ ಎದೆ ಎಲ್ಲಿಂದ ಬರಬೇಕು?

ಪ್ರಶ್ನೆ: ಸಮಭಾಜಕ ಪೆಸಿಫಿಕ್‌ನ ಮಯೊಸೀನ್ ಕಾಲದ (ಸುಮಾರು 2.3 ಕೋಟಿಯಿಂದ 53 ಲಕ್ಷ ವರ್ಷಗಳ ಹಿಂದಿನ) ಸ್ಲೈಡ್‌ಗಳನ್ನು ಕೊಟ್ಟು ಎಣಿಸಲು ಹೇಳಿದ್ದಾರೆ. ಸ್ಟಿಕೊಕೋರಿಸ್ ಡೆಲ್ಮಾಂಟೆನ್ಸಿಸ್ ಮತ್ತು ಸ್ಟಿಕೊಕೋರಿಸ್ ಪೆರಿಗ್ರಿನಾ ನಡುವೆ ನನಗೆ ವ್ಯತ್ಯಾಸವೇ ಕಾಣುತ್ತಿಲ್ಲ. ಡಯಾರ್ಟಸ್ ಪೆಟರ್ಸೋನಿ, ಡಯಾರ್ಟಸ್ ಹ್ಯೂಸೈ ಕೂಡ ಗೊಂದಲ. (ಎಂಎಸ್ಸಿ ಭೂವಿಜ್ಞಾನ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ನಿಮ್ಮ ಕಾಗದದಲ್ಲಿ ಒಂದು ಸಾಲು ಇದೆ: 'ಒಟ್ಟು ಆಕಾರ ನೋಡಿ ಹೋಲಿಸುತ್ತಿದ್ದೇನೆ.' ತೊಂದರೆ ಅಲ್ಲೇ ಇದೆ. ಮೊದಲು ಸ್ಟಿಕೊಕೋರಿಸ್. ಈ ಎರಡರ ಒಟ್ಟು ಆಕಾರ ಒಂದೇ. ಮೇಲೆ ಶಂಕುವಿನಂತೆ ಅಗಲವಾಗುತ್ತಾ ಬಂದು, ಒಂದು ಕಡೆ ಅಗಲವಾಗುವುದು ನಿಂತು, ಆಮೇಲೆ ನೇರವಾಗಿ ಅಥವಾ ಸ್ವಲ್ಪ ಕಿರಿದಾಗಿ ಕೆಳಗಿಳಿಯುತ್ತದೆ. ನೋಡಬೇಕಾದ್ದು ಅಗಲವಾಗುವುದು ಎಷ್ಟನೇ ಖಂಡದಲ್ಲಿ ನಿಂತಿತು ಎನ್ನುವುದನ್ನು. ಡೆಲ್ಮಾಂಟೆನ್ಸಿಸ್‌ನಲ್ಲಿ ಶಂಕುವಿನ ಭಾಗ ಮೂರು ಖಂಡಗಳದ್ದು. ಮೂರನೆಯದೇ ಉಬ್ಬಿ ಅಗಲವಾಗಿರುತ್ತದೆ, ನಾಲ್ಕನೆಯದು ಅದಕ್ಕಿಂತ ಕಿರಿದು. ಪೆರಿಗ್ರಿನಾದಲ್ಲಿ ಶಂಕು ನಾಲ್ಕನೇ ಖಂಡದವರೆಗೂ ಮುಂದುವರಿಯುತ್ತದೆ. ಅಷ್ಟೇ ವ್ಯತ್ಯಾಸ. ಓದಲು ಸುಲಭ, ಮಾಡುವಾಗ ಮೂರು ಕಡೆ ಎಡವುತ್ತೀರಿ.

ಮೊದಲನೆಯದು ಎಣಿಕೆ. ತಲೆ ಬಹಳ ಚಿಕ್ಕದು, ಮೇಲೊಂದು ಗಿಡ್ಡ ಕೊಂಬು ಇರುತ್ತದೆ, ಕಡಿಮೆ ವರ್ಧನೆಯಲ್ಲಿ ಅದು ಎದೆಯ ತುದಿಯ ಗಂಟಿನಂತೆ ಕಾಣುತ್ತದೆಯೇ ಹೊರತು ಬೇರೆ ಖಂಡ ಅನ್ನಿಸುವುದೇ ಇಲ್ಲ. ಎದೆಯನ್ನು ಒಂದು ಅಂತ ಎಣಿಸಲು ಶುರು ಮಾಡಿದರೆ ನಿಮ್ಮ ಸ್ಲೈಡಿನ ಪೆರಿಗ್ರಿನಾ ಎಲ್ಲವೂ ಡೆಲ್ಮಾಂಟೆನ್ಸಿಸ್ ಆಗಿಬಿಡುತ್ತವೆ, ಮಯೊಸೀನ್ ಕೊನೆಯ ಕೆಸರಿಗೆ ನೀವು ಹತ್ತಿಪ್ಪತ್ತು ಲಕ್ಷ ವರ್ಷ ಜಾಸ್ತಿ ವಯಸ್ಸು ಕೊಟ್ಟಿರುತ್ತೀರಿ. ತಲೆ ಮುರಿದ ಮಾದರಿ ಸಿಕ್ಕರೆ ಎಣಿಸಬೇಡಿ, ಬಿಟ್ಟುಬಿಡಿ. ಕೆಳಗಿನ ಖಂಡಗಳು ಮುರಿದಿದ್ದರೆ ಚಿಂತೆಯಿಲ್ಲ, ಹೇಗೂ ಹೆಚ್ಚಿನವು ಹಾಗೇ ಸಿಗುವುದು.

ಎರಡನೆಯದು ಮಲಗಿರುವ ಭಂಗಿ. ಸ್ಲೈಡಿನಲ್ಲಿ ಕೆಲವು ಓರೆಯಾಗಿ ನಿಂತಿರುತ್ತವೆ. ಓರೆಯಾದರೆ ಖಂಡಗಳ ಅಳತೆ ಕಣ್ಣಿಗೆ ಬದಲಾಗಿ ಕಾಣುತ್ತದೆ. ತಲೆಯ ತುದಿ ಮತ್ತು ಕೆಳಗಿನ ಅಂಚು ಎರಡೂ ಒಂದೇ ಫೋಕಸ್‌ನಲ್ಲಿ ಸ್ಪಷ್ಟವಾಗಿ ಕಂಡರೆ ಮಾತ್ರ ಅದು ಮಟ್ಟಸವಾಗಿ ಮಲಗಿದೆ ಅಂತ ಅರ್ಥ. ಅಂಥವನ್ನೇ ಅಳೆಯಿರಿ.

ಮೂರನೆಯದು ನಿಜವಾದ ಕಷ್ಟ. ಡೆಲ್ಮಾಂಟೆನ್ಸಿಸ್‌ನಿಂದಲೇ ಪೆರಿಗ್ರಿನಾ ಬಂದದ್ದು, ಮಯೊಸೀನ್ ಕೊನೆಯಲ್ಲಿ, ಸುಮಾರು 70 ಲಕ್ಷ ವರ್ಷಗಳ ಹಿಂದೆ. ಹಾಗಾಗಿ ನಡುವಿನ ಮೀಟರುಗಳಲ್ಲಿ ಎರಡೂ ಅಲ್ಲದ, ಎರಡೂ ಹೌದಾದ ಮಾದರಿಗಳು ರಾಶಿ ಸಿಗುತ್ತವೆ. ಒಂದು ಮಾದರಿಯನ್ನು ಎತ್ತಿ ಹಿಡಿದು ಇದು ಯಾವುದು ಎಂದು ಅರ್ಧ ದಿನ ತಲೆ ಕೆಡಿಸಿಕೊಳ್ಳುವುದು ದಂಡ. ಗೆರೆ ಎಳೆಯುವುದು ಗುಂಪಿನ ಮೇಲೆ. ಡೆಲ್ಮಾಂಟೆನ್ಸಿಸ್ ಥರದವು ಎಷ್ಟು, ಪೆರಿಗ್ರಿನಾ ಥರದವು ಎಷ್ಟು ಎಂದು ಪ್ರತಿ ಪದರದಲ್ಲೂ ಎಣಿಸಿ, ಹೊಸದು ಹಳೆಯದನ್ನು ಯಾವ ಪದರದಲ್ಲಿ ಮೀರಿಸಿತೋ ಅದೇ ಗಡಿ. ಸ್ಕ್ರಿಪ್ಸ್ ಸಾಗರ ಸಂಸ್ಥೆಯ ವಿಲಿಯಂ ರೀಡೆಲ್ ಮತ್ತು ಅನಿಕಾ ಸಾನ್‌ಫಿಲಿಪ್ಪೊ 1970ರ ದಶಕದಲ್ಲಿ ಉಷ್ಣವಲಯದ ಕಾಲಪಟ್ಟಿ ಕಟ್ಟಿದ್ದು ಇಂಥ ವಂಶಪರಂಪರೆಗಳನ್ನೇ ಹಿಡಿದು. 1968ರಲ್ಲಿ ಶುರುವಾದ ಆಳಸಮುದ್ರ ಕೊರೆಯುವ ಯೋಜನೆಯಿಂದ ಮೇಲಿಂದ ಕೆಳಗೆ ಬಿಡದೆ ಸಾಗುವ ಕೆಸರಿನ ಕಂಬಗಳು (ಕೋರ್) ಕೈಗೆ ಬಂದದ್ದರಿಂದಲೇ ಅದು ಸಾಧ್ಯವಾಯಿತು. ಒಂದೊಂದೇ ಮಾದರಿ ನೋಡುತ್ತಿದ್ದ ಹಳಬರಿಗೆ ಈ ಅನುಕೂಲ ಇರಲಿಲ್ಲ.

ಇನ್ನು ಡಯಾರ್ಟಸ್. ಇದು ಸುಲಭ. ಎರಡರಲ್ಲೂ ನಡುವೆ ಸೊಂಟ ಬಿಗಿದ ಚಿಪ್ಪು ಇರುತ್ತದೆ. ಅದನ್ನು ನೋಡುವುದು ಬಿಟ್ಟು ಎರಡು ತುದಿಗಳನ್ನು ನೋಡಿ. ಪೆಟರ್ಸೋನಿಯಲ್ಲಿ ತುದಿಯಿಂದ ಸ್ಪಂಜಿನಂಥ ಕಂಬ ಹೊರಟಿರುತ್ತದೆ, ಒಳಗೆ ಪದರ ಅಂತ ಸ್ಪಷ್ಟವಾಗಿ ಇರುವುದಿಲ್ಲ. ಹ್ಯೂಸೈಯಲ್ಲಿ ಆ ಜಾಗದಲ್ಲಿ ಒಂದರ ಮೇಲೊಂದು ಟೋಪಿಗಳು, ಒಂದೊಂದು ತುದಿಗೂ ಎರಡೋ ಅದಕ್ಕಿಂತ ಹೆಚ್ಚೋ. ಒಂದೇ ಟೋಪಿ ಇದ್ದರೆ ಅದು ಡಯಾರ್ಟಸ್ ಅಲ್ಲ, ಪಕ್ಕದ ಡಿಡಿಮೊಸಿರ್ಟಿಸ್ ಕುಲದ ಆಂಟೆಪೆನಲ್ಟಿಮಾ ಇರಬಹುದೇ ಎಂದು ನೋಡಿ. ಪೆಟರ್ಸೋನಿ ಹೋಗಿ ಹ್ಯೂಸೈ ಬಂದದ್ದು 90 ಲಕ್ಷ ವರ್ಷಕ್ಕೆ ಸ್ವಲ್ಪ ಈಚೆ. ಅಂದರೆ ಸ್ಟಿಕೊಕೋರಿಸ್ ಗಡಿಗಿಂತ ಇದು ನಿಮ್ಮ ಕೋರ್‌ನಲ್ಲಿ ಕೆಳಗೆ ಬರಬೇಕು. ಮೇಲೆ ಬಂದಿದ್ದರೆ ಸ್ಲೈಡಿನ ಚೀಟಿಗಳು ಅದಲುಬದಲಾಗಿವೆಯಾ ನೋಡಿಕೊಳ್ಳಿ.

ಇನ್ನೂ ಈಚಿನ ಪದರಗಳಿಗೆ ಹೋದಾಗ ಸ್ಪಾಂಗಾಸ್ಟರ್ ಸಿಗುತ್ತದೆ, ಅದೊಂದು ಬಿಡುವು ಕೊಡುವ ಗುಂಪು. ಬರ್ಮಿಂಗಾಮಿ ಉದ್ದನೆಯ ಅಂಡಾಕಾರ, ಪೆಂಟಾಸ್‌ಗೆ ಸಾಮಾನ್ಯವಾಗಿ ಐದು ಮೂಲೆ, ಟೆಟ್ರಾಸ್‌ಗೆ ನಾಲ್ಕು. ಟೆಟ್ರಾಸ್ ಇವತ್ತಿಗೂ ಬೆಚ್ಚಗಿನ ಸಮುದ್ರಗಳಲ್ಲಿ ತೇಲಿಕೊಂಡಿದೆ.

ಪ್ರಶ್ನೆ: ಹಳೆಯ ಸೂಕ್ಷ್ಮದರ್ಶಕದ ಜೊತೆ 'ಪಾಲಿಸಿಸ್ಟಿನಾ, ಬಾರ್ಬಡೋಸ್' (ರೇಡಿಯೊಲೇರಿಯನ್‌ಗಳ ಹಳೆಯ ಹೆಸರಂತೆ) ಎಂದು ಚೀಟಿ ಅಂಟಿಸಿದ ಸ್ಲೈಡ್ ಸಿಕ್ಕಿದೆ. ಒಳಗೆ ಗಂಟೆಯಂಥ ಚಿಪ್ಪುಗಳು ತುಂಬಿವೆ. ಪೊಡೊಸಿರ್ಟಿಸ್ ಅಂತ ಒಬ್ಬರು ಹೇಳಿದರು. ಯಾವ ಪೊಡೊಸಿರ್ಟಿಸ್ ಎಂದು ತಿಳಿಯುವುದು ಹೇಗೆ? (ಹವ್ಯಾಸಿ, ಬೆಂಗಳೂರು)

ಉತ್ತರ: ಅದೃಷ್ಟವಂತರು ನೀವು. ವಿಕ್ಟೋರಿಯಾ ರಾಣಿ ಕಾಲದಲ್ಲಿ ಬಾರ್ಬಡೋಸ್ ದ್ವೀಪದ ಈ ಮಣ್ಣಿನ ಸ್ಲೈಡ್‌ಗಳಿಗೆ ಇಂಗ್ಲೆಂಡಿನಲ್ಲಿ ಭಾರೀ ಬೇಡಿಕೆ ಇತ್ತು, ಮನೆಗೆ ಬಂದ ಅತಿಥಿಗಳಿಗೆ ತೋರಿಸುವ ವಸ್ತು ಅದು. ಒಂದು ಕಾಲದ ಆಳಸಮುದ್ರದ ಕೆಸರು ಭೂಫಲಕಗಳ ತಿಕ್ಕಾಟದಲ್ಲಿ ಮೇಲೆದ್ದು ದ್ವೀಪದ ಮೇಲೇ ಸಿಗುತ್ತದೆ, ಹಡಗು ಬೇಡ, ಗುದ್ದಲಿ ಸಾಕು. ಬರ್ಲಿನ್ನಿನ ವಿಜ್ಞಾನಿ ಎಹ್ರೆನ್‌ಬರ್ಗ್ 1847ರಲ್ಲಿ ಪೊಡೊಸಿರ್ಟಿಸ್ ಎಂಬ ಹೆಸರಿಟ್ಟದ್ದೂ ಇದೇ ಬಾರ್ಬಡೋಸ್ ಮಣ್ಣಿನ ಕೆಲಸದಲ್ಲಿ.

ಕಾಲ ಇಯೊಸೀನ್, ಸುಮಾರು 5.6 ಕೋಟಿಯಿಂದ 3.4 ಕೋಟಿ ವರ್ಷಗಳ ಹಿಂದೆ. ನಿಮ್ಮ ಗಂಟೆಗಳಲ್ಲಿ ಮೊದಲು ಎದೆ ಮತ್ತು ಹೊಟ್ಟೆಯ ನಡುವಿನ ಜಾಗ ನೋಡಿ. ಹೊರಗಡೆ ಇರುಕು ಕಾಣದೆ ಮೈ ನಯವಾಗಿ ಕೆಳಗಿಳಿದು, ಬುಡದಲ್ಲಿ ಸಲಿಕೆಯಂಥ ಮೂರು ಕಾಲು ಇದ್ದರೆ ಅದು ಪಪಾಲಿಸ್. ಬಹಳ ಕಾಲ ಬದಲಾಗದೆ ಬದುಕಿದ್ದು, ಹಾಗಾಗಿ ವಯಸ್ಸು ಹೇಳಲು ಅಷ್ಟೇನೂ ಉಪಯೋಗವಿಲ್ಲ. ಇರುಕು ಚೆನ್ನಾಗಿ ಕಂಡು, ಹೊಟ್ಟೆ ಉಬ್ಬಿಕೊಂಡಿದ್ದರೆ ನೀವು ಮಿತ್ರಾ, ಚಲಾರಾ, ಗೋಥಿಯಾನಾ ಎಂಬ ಸಾಲಿನಲ್ಲಿದ್ದೀರಿ. ಅಲ್ಲಿ ಆಕಾರ ಮರೆತುಬಿಡಿ, ತೂತುಗಳನ್ನು ನೋಡಿ. ಮಿತ್ರಾದ ಹೊಟ್ಟೆಯಲ್ಲಿ ತೂತುಗಳು ಸಣ್ಣವು, ಜಾಸ್ತಿ, ಅಷ್ಟೇನೂ ಸಾಲಾಗಿಲ್ಲ. ಚಲಾರಾದಲ್ಲಿ ಅವು ದೊಡ್ಡದಾಗಿ, ಸಂಖ್ಯೆ ಇಳಿದು, ಸಾಲಿಗೆ ಬರುತ್ತವೆ. ಗೋಥಿಯಾನಾಕ್ಕೆ ಬರುವಾಗ ಒಂದು ಸಾಲಿನ ತೂತುಗಳು ಉದ್ದುದ್ದ ಕಿಟಕಿಗಳೇ ಆಗಿ, ನಡುವೆ ನೆಟ್ಟಗಿನ ಸಣ್ಣ ಸರಳುಗಳಷ್ಟೇ ಉಳಿದಿರುತ್ತವೆ. ಗೋಥಿಯಾನಾವನ್ನು ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ. ಮಿತ್ರಾ ಮತ್ತು ಚಲಾರಾ ನಡುವೆ ಮಾತ್ರ ಎಣಿಸಲೇಬೇಕು: ಹೊಟ್ಟೆ ಅತಿ ಅಗಲವಾಗಿರುವ ಕಡೆ ಅಡ್ಡಸಾಲಿನಲ್ಲಿ ಎಷ್ಟು ತೂತು ಕಾಣುತ್ತವೆ ಅಂತ.

ಒಂದು ಎಚ್ಚರಿಕೆ. ಆ ಕಾಲದ ಸ್ಲೈಡ್ ಮಾಡುವವರು ಚೆಂದ ಕಂಡದ್ದನ್ನು ಬೇರೆ ಬೇರೆ ಪದರದಿಂದ ಆರಿಸಿ ಒಟ್ಟಿಗೆ ಜೋಡಿಸುತ್ತಿದ್ದುದೂ ಉಂಟು. ಹೂವಿನ ಮಾದರಿಯಲ್ಲಿ ಜೋಡಿಸಿದ್ದರೆ ಅದರಿಂದ ವಯಸ್ಸು ಹೇಳಲು ಹೋಗಬೇಡಿ. ಕಪ್ಪು ಹಿನ್ನೆಲೆ ಇಟ್ಟು ನೋಡಿ ಖುಷಿಪಡಿ.

ಪ್ರಶ್ನೆ: ಹಿಂದೂ ಮಹಾಸಾಗರದ ಕೆಸರು ಸ್ವಲ್ಪ ಸಿಕ್ಕಿತ್ತು. ತೊಳೆದು, ಗ್ಲಿಸರಿನ್‌ನಲ್ಲಿ ಹಾಕಿ ನೋಡಿದರೆ ಮಬ್ಬು ಮಬ್ಬು ಉಂಡೆಗಳು. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಎಸ್‌ಇಎಂ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಇಲ್ಲದೆ ಇದು ಆಗುವ ಕೆಲಸವೇ? (ಕಾಲೇಜು ಅಧ್ಯಾಪಕರು, ಶಿವಮೊಗ್ಗ)

ಉತ್ತರ: ಆಗುತ್ತದೆ. ಗ್ಲಿಸರಿನ್ ಬಿಡಿ, ಅದೇ ಖಳನಾಯಕ. ಓಪಲ್‌ನ ವಕ್ರೀಭವನ ಸೂಚ್ಯಂಕ ಸುಮಾರು 1.45, ಗ್ಲಿಸರಿನ್‌ನದು 1.47. ಎರಡೂ ಹತ್ತಿರ ಹತ್ತಿರ ಇದ್ದರೆ ಬೆಳಕು ಬಾಗುವುದೇ ಇಲ್ಲ, ಚಿಪ್ಪು ಮಾಯವಾಗುತ್ತದೆ. ಕೆನಡಾ ಬಾಲ್ಸಂ ಎಂಬ ಮರದ ಅಂಟು 1.53ರ ಆಸುಪಾಸು, ಅದರಲ್ಲಿ ಹಾಕಿ. ಅದು ಸಿಗದಿದ್ದರೆ ಸುಮ್ನೆ ನೀರಿನಲ್ಲೇ ನೋಡಿ, 1.33, ತಾತ್ಕಾಲಿಕ ಸ್ಲೈಡಿಗೆ ಸಾಕು.

ಎಸ್‌ಇಎಂ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಉಂಡೆಯಾಕಾರದ ಸ್ಪುಮೆಲೇರಿಯನ್‌ಗಳಿಗೆ ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕವೇ ವಾಸಿ. ಎಸ್‌ಇಎಂ ಹೊರಮೈ ತೋರಿಸುತ್ತದೆ, ಚಿತ್ರ ಅದ್ಭುತವಾಗಿ ಬರುತ್ತದೆ, ಆದರೆ ಈ ಗುಂಪಿನ ಗುರುತು ಇರುವುದು ಚಿಪ್ಪಿನ ಒಳಗೆ. ಒಂದು ಚೆಂಡಿನೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಸರಳುಗಳಿಂದ ಒಂದಕ್ಕೊಂದು ಕಟ್ಟಿದ್ದು. ಎಷ್ಟು ಚೆಂಡು ಎನ್ನುವುದೇ ಕುಲದ ಪ್ರಶ್ನೆ. ಹೆಕ್ಸಲಾಂಕೆ ಎಂದರೆ ಎರಡು ಚಿಪ್ಪು, ಆರು ಮುಖ್ಯ ಮುಳ್ಳು. ಹೆಕ್ಸಾಕಾಂಟಿಯಂ ಎಂದರೆ ಅದೇ ಆರು ಮುಳ್ಳು, ಆದರೆ ಮೂರು ಚಿಪ್ಪು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಒಡೆಯದ ಮಾದರಿಯನ್ನು ಎಸ್‌ಇಎಂನಲ್ಲಿ ಎಷ್ಟು ಹೊತ್ತು ನೋಡಿದರೂ ಉತ್ತರ ಸಿಗುವುದಿಲ್ಲ. ಬೆಳಕಿನಲ್ಲಾದರೆ ಫೋಕಸ್ ತಿರುಪನ್ನು ನಿಧಾನವಾಗಿ ತಿರುಗಿಸುತ್ತಾ ಮೇಲಿನ ಮೈಯಿಂದ ಒಳಗಿಳಿಯಿರಿ. ಮೊದಲು ಹೊರ ಚಿಪ್ಪಿನ ತೂತುಗಳು ಕಂಡು ಮಸುಕಾಗುತ್ತವೆ, ಆಮೇಲೆ ಅದರ ಅಂಚು ಉಂಗುರದಂತೆ ನಿಂತು ಒಳಗೆ ಇನ್ನೊಂದು ಉಂಗುರ ಮೂಡುತ್ತದೆ, ಇನ್ನೂ ಒಳಗೆ ಚುಕ್ಕೆಯಂಥದ್ದೊಂದು ಇದೆಯಾ ಅಂತ ಅಲ್ಲಿ ನಿಂತು ನೋಡಬೇಕು. ಆ ಒಳಗಿನದು ಬಹಳ ಪುಟ್ಟದು. ಹೆಚ್ಚಿನವರು ಎರಡಕ್ಕೇ ನಿಲ್ಲಿಸಿಬಿಡುತ್ತಾರೆ.

ಮುಳ್ಳು ಎಣಿಸುವಾಗಲೂ ಫೋಕಸ್ ಬೇಕು. ಆರು ಮುಳ್ಳುಗಳಲ್ಲಿ ನಾಲ್ಕು ಸುತ್ತ ಕಾಣುತ್ತವೆ. ಒಂದು ನಿಮ್ಮ ಕಣ್ಣಿನ ಕಡೆಗೇ ಮುಖ ಮಾಡಿರುತ್ತದೆ, ಇನ್ನೊಂದು ಗಾಜಿನ ಕಡೆಗೆ. ಅವೆರಡೂ ಬರೀ ಚುಕ್ಕೆ. ಹತ್ತು ಹದಿನೈದು ಮುಳ್ಳು ಎಲ್ಲಾ ದಿಕ್ಕಿಗೂ ಇದ್ದರೆ ಆಕ್ಟಿನೋಮಾ ಥರದ್ದಿರಬಹುದು.

ಇದರಲ್ಲೂ ಒಂದು ಹುಳುಕಿದೆ. ಇವುಗಳಲ್ಲಿ ಅನೇಕವು ಒಳಗಿನಿಂದ ಹೊರಕ್ಕೆ ಬೆಳೆಯುತ್ತವೆ, ಹೊರಗಿನ ಚಿಪ್ಪು ಕೊನೆಗೆ. ಹಾಗಾಗಿ ನೀವು ಎರಡು ಚಿಪ್ಪಿನ ಪ್ರಭೇದ ಅಂದುಕೊಂಡದ್ದು ಮೂರು ಚಿಪ್ಪಿನ ಪ್ರಭೇದದ ಮರಿ ಇರಬಹುದು. ನಾರ್ವೆ ಕಡೆಯ ಸಮುದ್ರದ ಆಕ್ಟಿನೋಮಾ ಬೊರಿಯಾಲೆ ಮತ್ತು ಆಕ್ಟಿನೋಮಾ ಲೆಪ್ಟೊಡರ್ಮಂ ಇದೇ ಕಾರಣಕ್ಕೆ ಕುಖ್ಯಾತ. ಬೆಳೆದವನ್ನು ಬೇರೆ ಮಾಡಬಹುದು, ಮರಿಗಳನ್ನು ಆಗುವುದಿಲ್ಲ. ಎಷ್ಟೋ ಜನ ಎರಡನ್ನೂ ಸೇರಿಸಿ ಒಂದೇ ಗುಂಪು ಎಂದು ಎಣಿಸುತ್ತಾರೆ, ಅದು ಸೋಮಾರಿತನ ಅಲ್ಲ, ಪ್ರಾಮಾಣಿಕತೆ.

ಹೆಕೆಲ್ ಪುಸ್ತಕದ ಹೆಸರುಗಳು ಈಗಿನ ಪಟ್ಟಿಗಳಿಗೆ ಹೊಂದುವುದಿಲ್ಲ ಅಂತಲೂ ಕೇಳಿದ್ದೀರಿ. ಕಾರಣದ ಒಂದು ಪಾಲು ಇದೇ. 1872ರಿಂದ 1876ರವರೆಗೆ ಸಾಗರ ಸಂಶೋಧನೆಗೆ ಸುತ್ತಿದ ಚಾಲೆಂಜರ್ ಹಡಗಿನ ಮಾದರಿಗಳ ಮೇಲೆ ಜರ್ಮನ್ ಜೀವವಿಜ್ಞಾನಿ ಅರ್ನ್‌ಸ್ಟ್ ಹೆಕೆಲ್ 1887ರಲ್ಲಿ ಪ್ರಕಟಿಸಿದ ವರದಿಯಲ್ಲಿ 4,000ಕ್ಕೂ ಹೆಚ್ಚು ಪ್ರಭೇದಗಳಿವೆ, ಬಹುಪಾಲು ಅವರೇ ಹೊಸದಾಗಿ ಹೆಸರಿಟ್ಟವು. ಚಿಪ್ಪು ಎಷ್ಟು, ಮುಳ್ಳು ಎಷ್ಟು, ಕಾಲು ಎಷ್ಟು ಎಂದು ಗಣಿತದ ಕೋಷ್ಟಕ ಮಾಡಿ ಮನೆಗಳನ್ನು ತುಂಬುತ್ತಾ ಹೋದರು. ಕಣ್ಣು ಅಸಾಧ್ಯ ಚುರುಕು, ಕೈ ಇನ್ನೂ ಚುರುಕು. ಆದರೆ ಮರಿಗಳಿಗೂ, ಮುರಿದವಕ್ಕೂ, ಒಂದೇ ಪ್ರಭೇದದ ಸಣ್ಣಪುಟ್ಟ ವ್ಯತ್ಯಾಸಗಳಿಗೂ ಬೇರೆ ಬೇರೆ ಹೆಸರು ಬಿತ್ತು. ಅವರ ಚಿತ್ರಗಳನ್ನು ಗೋಡೆಗೆ ಹಾಕಿಕೊಳ್ಳಿ. ಗುರುತು ಹಿಡಿಯುವಾಗ ಮಾತ್ರ ಅಷ್ಟು ಅಚ್ಚುಕಟ್ಟಾದ ಸಮ್ಮಿತಿಯನ್ನು ನಿಮ್ಮ ಸ್ಲೈಡಿನಲ್ಲಿ ಹುಡುಕಬೇಡಿ.

ಪ್ರಶ್ನೆ: ನಮ್ಮ ಕಡಲ ತೀರದ ಮರಳಿನಲ್ಲಿ ರೇಡಿಯೊಲೇರಿಯನ್ ಸಿಗುತ್ತದಾ? ಪಕ್ಕದ ಗೋವಾದಲ್ಲಿ ಇದರ ಮೇಲೆ ಕೆಲಸ ಮಾಡುತ್ತಾರಂತೆ. (ಕಾರವಾರ)

ಉತ್ತರ: ತೀರದಲ್ಲಿ ಹುಡುಕಿ ನಿರಾಶರಾಗಬೇಡಿ. ಅಲ್ಲಿ ನದಿ ತಂದ ಹೂಳು, ಚಿಪ್ಪಿನ ಚೂರು, ಫೊರಾಮಿನಿಫೆರಾ ಬೇಕಾದಷ್ಟು. ರೇಡಿಯೊಲೇರಿಯನ್‌ಗಳಿಗೆ ತೆರೆದ ಸಮುದ್ರ ಬೇಕು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ನೋಡುವ ಮಾದರಿಗಳಲ್ಲಿ ಬಹಳಷ್ಟು ಮಧ್ಯ ಹಿಂದೂ ಮಹಾಸಾಗರದವು, ಭಾರತ ಮ್ಯಾಂಗನೀಸ್ ಗಂಟುಗಳನ್ನು ಹುಡುಕುತ್ತಿರುವ ಜಾಗ. ಆಳ ಸುಮಾರು ಐದು ಕಿಲೋಮೀಟರ್. ಅಷ್ಟು ಕೆಳಗೆ ಸುಣ್ಣದ ಚಿಪ್ಪುಗಳೆಲ್ಲ ಕರಗಿಹೋಗುತ್ತವೆ, ಸಿಲಿಕಾ ಉಳಿಯುತ್ತದೆ. ಹಾಗಾಗಿ ಅಲ್ಲಿ ವಯಸ್ಸು ಹೇಳಬೇಕಾದರೆ ರೇಡಿಯೊಲೇರಿಯನ್‌ಗಳ ಕಾಲಿಗೇ ಬೀಳಬೇಕು.

ಅಲ್ಲಿ ಮೇಲಿನ ಪದರಗಳಲ್ಲಿ ತೊಡಕು ಕೊಡುವ ಜೋಡಿ ಬುಕ್ಸಿನೊಸ್ಫೀರಾ ಇನ್ವ್ಯಾಜಿನೇಟಾ ಮತ್ತು ಕೊಲೊಸ್ಫೀರಾ ಟ್ಯೂಬರೋಸಾ. ಎರಡೂ ಗುಂಪಾಗಿ ಬದುಕುವ ಜಾತಿಯವು, ಎರಡೂ ಮುಳ್ಳಿಲ್ಲದ ಸೊಟ್ಟ ಉಂಡೆಗಳು. ಕಡಿಮೆ ವರ್ಧನೆಯಲ್ಲಿ ಎರಡರ ಮೈಯೂ ಏರುತಗ್ಗು. ಏರು ಎಲ್ಲಿ, ತಗ್ಗು ಎಲ್ಲಿ ಎಂದು ನೋಡಬೇಕು. ಟ್ಯೂಬರೋಸಾದ ಗೋಡೆ ಹೊರಕ್ಕೆ ಗೆಡ್ಡೆಗಳಂತೆ ಉಬ್ಬಿದೆ. ಇನ್ವ್ಯಾಜಿನೇಟಾದ ಗೋಡೆ ಅಲ್ಲಲ್ಲಿ ಒಳಕ್ಕೆ ಕುಸಿದು ಆಲಿಕೆಯಾಗಿದೆ. ಮತ್ತೆ ಅದೇ ಫೋಕಸ್ ತಿರುಪು: ಅಂಚನ್ನು ಸ್ಪಷ್ಟ ಮಾಡಿಕೊಂಡು ನೋಡಿದರೆ ಇನ್ವ್ಯಾಜಿನೇಟಾದಲ್ಲಿ ಗೋಡೆ ಚಿಪ್ಪಿನ ಒಳಗಡೆಗೆ ಚಾಚಿರುವುದು ಕಾಣುತ್ತದೆ. ಇದು ಮುಖ್ಯ ಯಾಕೆಂದರೆ ಇನ್ವ್ಯಾಜಿನೇಟಾ ಬಂದದ್ದು ಸುಮಾರು ಎರಡು ಲಕ್ಷ ವರ್ಷಗಳ ಹಿಂದೆಯಷ್ಟೇ, ಟ್ಯೂಬರೋಸಾ ಅದಕ್ಕಿಂತ ಹಳೆಯದು. ಇದನ್ನು ಹಿಡಿದು ಕಾಲ ವಿಂಗಡಿಸುವ ಪಟ್ಟಿಯನ್ನು 1971ರಲ್ಲಿ ರೇಡಿಯೊಲೇರಿಯನ್ ತಜ್ಞೆ ಕ್ಯಾಥರೀನ್ ನಿಗ್ರಿನಿ ಪೆಸಿಫಿಕ್‌ಗಾಗಿ ಮಾಡಿದರು, ಅದು ಹಿಂದೂ ಮಹಾಸಾಗರಕ್ಕೂ ಒದಗಿಬಂತು. ಗೋಡೆ ತೆಳುವಾದ್ದರಿಂದ ಇನ್ವ್ಯಾಜಿನೇಟಾ ಬೇಗ ಚೂರಾಗುತ್ತದೆ. ಒಂದು ಸ್ಲೈಡಿನಲ್ಲಿ ಸಿಗಲಿಲ್ಲ ಎಂದರೆ ಅದು ಇರಲೇ ಇಲ್ಲ ಅನ್ನಬೇಡಿ.

ಇನ್ನೂ ಕೆಳಗೆ ಹೋದರೆ ಸ್ಟೈಲಟ್ರಾಕ್ಟಸ್ ಯುನಿವರ್ಸಸ್ ಸಿಗುತ್ತದೆ. ಉದ್ದುರುಟು ಚಿಪ್ಪು, ಎರಡು ತುದಿಗೂ ಒಂದೊಂದು ಮುಳ್ಳು, ಒಳಗೆ ಒಂದರೊಳಗೊಂದು ಚಿಪ್ಪುಗಳು. ಇದು ಸುಮಾರು 4 ಲಕ್ಷ ವರ್ಷಗಳ ಹಿಂದೆ ಬೇರೆ ಬೇರೆ ಸಾಗರಗಳಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಅಳಿಯಿತು ಎಂದು ವಿಜ್ಞಾನಿಗಳಾದ ಹೇಸ್ ಮತ್ತು ಶಾಕಲ್‌ಟನ್ 1976ರಲ್ಲಿ ತೋರಿಸಿದರು. ಅಂಥ ಗಡಿ ಸಿಕ್ಕರೆ ಕೋರ್ ಓದುವವರಿಗೆ ಹಬ್ಬ.

ಪ್ರಶ್ನೆ: ಒಮಾನ್‌ನಲ್ಲಿ ಕೆಲಸ. ಇಲ್ಲಿನ ಬೆಟ್ಟಗಳಲ್ಲಿರುವ ಚರ್ಟ್ ಎಂಬ ಕೆಂಪು ಸಿಲಿಕಾ ಕಲ್ಲಿನಲ್ಲಿ ರೇಡಿಯೊಲೇರಿಯನ್ ಇದೆಯಂತೆ. ಮನೆಯಲ್ಲೇ ಹೊರತೆಗೆದು ಪ್ರಭೇದ ಗುರುತಿಸಬಹುದಾ? (ಮಸ್ಕತ್)

ಉತ್ತರ: ಇದೆ. ಅಲ್ಲಿನ ಹವಾಸಿನಾ ಬಂಡೆಗಳ ಚರ್ಟ್‌ನಲ್ಲಿ ಧಾರಾಳವಾಗಿ ಇದೆ, ಈಗ ಇಲ್ಲದ ಟೆಥಿಸ್ ಎಂಬ ಪ್ರಾಚೀನ ಸಮುದ್ರದ ತಳದ ಕೆಸರದು. ಕಲ್ಲನ್ನು ಒದ್ದೆ ಮಾಡಿ ಹತ್ತು ಪಟ್ಟಿನ ಲೆನ್ಸ್‌ನಲ್ಲಿ ನೋಡಿ, ಸಣ್ಣ ಚುಕ್ಕೆಗಳು ಕಾಣಬಹುದು. ಮನೆಯಲ್ಲಿ ಅಷ್ಟೇ ಮಾಡಬೇಕಾದ್ದು. ಹೊರತೆಗೆಯಲು ಬೇಕಾದದ್ದು ಹೈಡ್ರೋಫ್ಲೋರಿಕ್ ಆಮ್ಲ. ಅದು ಗಾಜನ್ನು ತಿನ್ನುತ್ತದೆ. ತೆಳು ದ್ರಾವಣ ಚರ್ಮಕ್ಕೆ ಬಿದ್ದರೆ ಮೊದಲಿಗೆ ನೋವೂ ಗೊತ್ತಾಗದೆ ಒಳಗಿಳಿದು, ದೇಹದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಜೀವಕ್ಕೇ ಅಪಾಯ. ಫ್ಯೂಮ್ ಹುಡ್ (ವಿಷದ ಹಬೆ ಹೊರಗೆಳೆಯುವ ಗೂಡು), ಸರಿಯಾದ ಕೈಗವಸು, ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಇವಿಲ್ಲದ ಕಡೆ ಆ ಬಾಟಲಿಯ ಮುಚ್ಚಳ ತೆಗೆಯಲೇಬಾರದು. ಅಡುಗೆಮನೆಯಲ್ಲಿ ಖಂಡಿತ ಬೇಡ.

ಈ ಆಮ್ಲದ ವಿಧಾನ ಬಳಕೆಗೆ ಬಂದದ್ದು 1970ರ ಆಸುಪಾಸಿನಲ್ಲಿ. ಅದಕ್ಕೆ ಮೊದಲು ಚರ್ಟ್‌ನ ತೆಳು ಸೀಳು ಮಾಡಿ ಅಡ್ಡಕೊಯ್ತ ನೋಡುತ್ತಿದ್ದರು. ಎಲ್ಲವೂ ಉಂಗುರ ಉಂಗುರ. ಪ್ರಭೇದದ ಮಾತೇ ಕಷ್ಟ.

ಈ ಮಾದರಿಗಳಲ್ಲಿ ಮೇಲೆ ಶಿವಮೊಗ್ಗದವರಿಗೆ ಹೇಳಿದ್ದು ತಿರುಗುಮುರುಗು. ಚರ್ಟ್‌ನ ಚಿಪ್ಪುಗಳ ಒಳಗೆ ಸಿಲಿಕಾ ತುಂಬಿ ಗಟ್ಟಿಯಾಗಿರುತ್ತದೆ, ಓಪಲ್ ಹೋಗಿ ಕ್ವಾರ್ಟ್ಜ್ ಆಗಿರುತ್ತದೆ. ಬೆಳಕು ಹಾಯಿಸಿದರೆ ಏನೂ ಕಾಣುವುದಿಲ್ಲ, ಎಸ್‌ಇಎಂ ಬೇಕೇ ಬೇಕು. ಗುರುತುಗಳೂ ಹೊರಮೈಯವೇ ಆಗುತ್ತವೆ. ಉದಾಹರಣೆಗೆ ಆರ್ಕಿಯೊಡಿಕ್ಟಿಯೊಮಿತ್ರಾ ಮತ್ತು ಡಿಕ್ಟಿಯೊಮಿತ್ರಾ. ಎರಡರ ಮೈಮೇಲೂ ಮೇಲಿಂದ ಕೆಳಗೆ ಏಣುಗಳಿವೆ. ಆರ್ಕಿಯೊಡಿಕ್ಟಿಯೊಮಿತ್ರಾದಲ್ಲಿ ಅವು ತಡೆಯಿಲ್ಲದೆ ನಯವಾಗಿ ಇಳಿಯುತ್ತವೆ. ಡಿಕ್ಟಿಯೊಮಿತ್ರಾದಲ್ಲಿ ಖಂಡ ಖಂಡದ ನಡುವೆ ಹೊರಗಡೆಯೇ ಇರುಕು ಇರುವುದರಿಂದ ಅಂಚು ಅಲೆ ಅಲೆಯಾಗಿ ಕಾಣುತ್ತದೆ. ಮೈ ಸವೆದ ಮಾದರಿಯಲ್ಲಿ ಏಣು ಅಳಿಸಿಹೋದರೂ ಅಂಚಿನ ಅಲೆ ಉಳಿದಿರುತ್ತದೆ, ಅದನ್ನು ಹಿಡಿಯಿರಿ.

ಪ್ರಶ್ನೆ: ನಮ್ಮಲ್ಲೂ ಚರ್ಟ್ ಪಟ್ಟೆಗಳಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ ರೇಡಿಯೊಲೇರಿಯನ್ ತೋರಿಸಬಹುದೇ? (ಪ್ರೌಢಶಾಲಾ ಶಿಕ್ಷಕರು, ಚಿತ್ರದುರ್ಗ)

ಉತ್ತರ: ಕರೆದುಕೊಂಡು ಹೋಗಿ, ಆದರೆ ಬೇರೆ ಕಾರಣಕ್ಕೆ. ಚಿತ್ರದುರ್ಗದ ಆ ಚರ್ಟ್ 250 ಕೋಟಿ ವರ್ಷಕ್ಕಿಂತ ಹಳೆಯದು. ಆಗ ರೇಡಿಯೊಲೇರಿಯನ್ ಹುಟ್ಟಿರಲೇ ಇಲ್ಲ. ಸಮುದ್ರದ ನೀರಿನಿಂದಲೇ ಸಿಲಿಕಾ ಇಳಿದು ಆದ ಕಲ್ಲದು. ಬಾಗಲಕೋಟೆ, ಬಾದಾಮಿ ಕಡೆಯ ಕಲಾದಗಿ ಬಂಡೆಗಳೂ ರೇಡಿಯೊಲೇರಿಯನ್‌ಗಳಿಗಿಂತ ಹಳೆಯವೇ. ಹಾಗಾದರೆ ಗುರುಮಿಠಕಲ್ ಕಡೆ ಡೆಕ್ಕನ್ ಲಾವಾ ಪದರಗಳ ನಡುವೆ ಸಿಗುವ ಚರ್ಟ್? ಅದರ ಕಾಲವೇನೋ ಸರಿ, ಸುಮಾರು 6.6 ಕೋಟಿ ವರ್ಷ. ಜಾಗ ಸರಿಯಿಲ್ಲ, ಅದು ಸಿಹಿನೀರಿನ ಕೆರೆಯ ಕೆಸರು. ರೇಡಿಯೊಲೇರಿಯನ್ ಸಮುದ್ರ ಬಿಟ್ಟು ಬದುಕುವುದಿಲ್ಲ. ಅಂಥ ಕಲ್ಲಿನಲ್ಲಿ ದುಂಡಗಿನ ಸಿಲಿಕಾ ಕಾಳು ಕಂಡು ರೇಡಿಯೊಲೇರಿಯನ್ ಎಂದುಕೊಂಡರೂ ಅದು ಬರೀ ಖನಿಜದ ಉಂಡೆಯೇ ಇರುತ್ತದೆ. ತೂತುಗಳ ಜಾಲರಿ ಅಥವಾ ಒಳಚಿಪ್ಪು ಕಾಣದೆ ಆ ಹೆಸರು ಹೇಳಬಾರದು. ದೇಶದೊಳಗೆ ನಿಜವಾದವು ಬೇಕಾದರೆ ಅಂಡಮಾನ್ ನಿಕೋಬಾರ್, ಲಡಾಖ್, ನಾಗಾ ಬೆಟ್ಟಗಳ ಕಡೆ ಹೋಗಬೇಕು.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಫೋಟೊ ಹಾಕಿದರೆ ಎಐ ಹೇಳುವುದಿಲ್ವಾ? (ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ಉತ್ತರ: ಹೇಳುತ್ತದೆ, ಕಲಿಸಿದರೆ. ಮೇಲೆ ಹೇಳಿದ ಪೊಡೊಸಿರ್ಟಿಸ್ ಮೇಲೆಯೇ ಅಂಥ ಪ್ರಯೋಗಗಳು ಆಗಿವೆ. ಗೋಥಿಯಾನಾದಂಥ ಎದ್ದು ಕಾಣುವ ಪ್ರಭೇದಕ್ಕೆ ಯಂತ್ರವೂ ಸಾಕು, ನೀವೂ ಸಾಕು. ಮಿತ್ರಾ ಮತ್ತು ಚಲಾರಾ ನಡುವಿನ ಮಾದರಿ ಬಂದಾಗ ಯಂತ್ರಕ್ಕೆ ಕಲಿಸಿದ ಮನುಷ್ಯನೇ ಯಾವ ಡಬ್ಬಿಗೆ ಹಾಕಿದನೋ ಅದನ್ನೇ ಅದು ತಿರುಗಿಸಿ ಹೇಳುತ್ತದೆ. ಮತ್ತೆ, ಒಂದು ಫೋಟೊ ಎಂದರೆ ಒಂದೇ ಫೋಕಸ್. ಹೆಕ್ಸಾಕಾಂಟಿಯಂನ ಮೂರನೇ ಚಿಪ್ಪು ಆ ಫೋಟೊದಲ್ಲಿ ಇಲ್ಲದಿದ್ದರೆ ಯಾವ ಎಐ ತಾನೇ ಏನು ಮಾಡೀತು? ಬೇರೆ ಬೇರೆ ಫೋಕಸ್‌ನಲ್ಲಿ ತೆಗೆದ ಚಿತ್ರಗಳ ಕಂತೆ ಕೊಟ್ಟರೆ ಕಥೆ ಬೇರೆ. ಆದರೆ ಸಾವಿರಾರು ಮಾದರಿಗಳನ್ನು ಬೇಸರವಿಲ್ಲದೆ ಎಣಿಸುವುದಿದೆಯಲ್ಲ, ಧಾರವಾಡದ ವಿದ್ಯಾರ್ಥಿನಿ ಈಗ ಕಣ್ಣು ನೋಯಿಸಿಕೊಂಡು ಮಾಡುತ್ತಿರುವುದು, ಅದಕ್ಕೆ ಯಂತ್ರ ಬಂದರೆ ನನ್ನದೇನೂ ತಕರಾರಿಲ್ಲ.

ಮುಂದೆ ಚಿತ್ರ ಕಳಿಸುವವರಿಗೆ: ಒಂದೇ ಮಾದರಿಯದ್ದು ಕನಿಷ್ಠ ಮೂರು ಫೋಟೊ ಇರಲಿ, ಮೇಲ್ಮೈ, ನಡುಭಾಗ, ಕೆಳಭಾಗ. ಅಳತೆಪಟ್ಟಿ ಹಾಕಿ. ಕೆಸರು ಅಥವಾ ಕಲ್ಲು ಎಲ್ಲಿಂದ ಬಂತು, ಯಾವುದರಲ್ಲಿ ಸ್ಲೈಡ್ ಮಾಡಿದಿರಿ ಎಂದು ಬರೆಯಿರಿ. ಗ್ಲಿಸರಿನ್ ಆಗಿದ್ದರೆ ಕಳಿಸಬೇಡಿ.